ಹುಳುಮನೆಯ ಪದರ

ನಾನು ನಕ್ಷೆ ಮಾಡುವವಳು. ಹೀಗೆಂದರೆ ನಮ್ಮೂರಿನವರು ನನ್ನನ್ನು ಸರ್ವೆ ಕಚೇರಿಯವಳು ಅಂದುಕೊಂಡು ಬದುವಿನ ಜಗಳವನ್ನೆಲ್ಲ ತಂದು ನನ್ನ ಮುಂದೆ ಸುರಿಯುತ್ತಾರೆ. ನಾನು ಚೈನು ಹಿಡಿದು ಹೊಲ ಅಳೆದವಳಲ್ಲ. ಚಿಕ್ಕಬಳ್ಳಾಪುರದಲ್ಲಿ ಒಂದು ಬೇಕರಿಯ ಮಹಡಿಯ ಮೇಲಿರುವ ಸಣ್ಣ ಆಫೀಸಿನಲ್ಲಿ ಕೂತು, ಜನ ಮೊಬೈಲಿನಲ್ಲಿ ತೆರೆದು ಬೆರಳಿನಿಂದ ಎಳೆದಾಡುವಂಥ ನಕ್ಷೆಗಳನ್ನು ಮಾಡುತ್ತೇನೆ. ಕೆಳಗಿನಿಂದ ಬಿಸಿ ಬನ್ನಿನ ವಾಸನೆ ಬರುತ್ತಿರುತ್ತದೆ. ಕೆಲಸಕ್ಕಿಂತ ಅದರ ಕಡೆಗೇ ನನ್ನ ಗಮನ ಹೆಚ್ಚು.

ಇಂಥ ನಕ್ಷೆ ಅಂದರೆ ಏನೋ ದೊಡ್ಡ ವಿದ್ಯೆಯಲ್ಲ. ಶಾಲೆಯಲ್ಲಿ ಚಿತ್ರದ ಮೇಲೆ ಬಟರ್ ಪೇಪರ್ ಹಾಸಿ ಗೆರೆ ಎಳೆಯುತ್ತಿದ್ದೆವಲ್ಲ, ಅದೇ. ತಳದಲ್ಲಿ ಭೂಮಿಯ ಚಿತ್ರ. ಅದರ ಮೇಲೆ ಒಂದೊಂದಾಗಿ ಪದರಗಳು: ಕೆರೆಗಳದ್ದು ಒಂದು, ಕಾಲುವೆಗಳದ್ದು ಒಂದು, ಸರ್ವೆ ನಂಬರಿನ ಗೆರೆಗಳದ್ದು ಇನ್ನೊಂದು. ಪರದೆಯ ಬಲಮೂಲೆಯಲ್ಲಿ ಒಂದು ಪುಟ್ಟ ಗುರುತಿರುತ್ತದೆ. ಅದನ್ನು ಒತ್ತಿದರೆ ಪದರಗಳ ಹೆಸರುಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಯಾವುದಕ್ಕೆ ಟಿಕ್ ಹಾಕುತ್ತೀರೋ ಅದು ನಕ್ಷೆಯ ಮೇಲೆ ಕಾಣುತ್ತದೆ, ಟಿಕ್ ತೆಗೆದರೆ ಮಾಯ. ನಕ್ಷೆ ತೆರೆದ ಕೂಡಲೇ ಯಾವುದಕ್ಕೆ ಟಿಕ್ ಬಿದ್ದಿರಬೇಕು, ಯಾವುದಕ್ಕೆ ಇರಬಾರದು ಎನ್ನುವುದನ್ನು ಮಾತ್ರ ಅದನ್ನು ಮಾಡಿದವರು ಮೊದಲೇ ತೀರ್ಮಾನ ಮಾಡಿರುತ್ತಾರೆ. ನಮ್ಮೂರಿನ ನಕ್ಷೆಯಲ್ಲಿ ಆ ತೀರ್ಮಾನ ನನ್ನದಾಗಿತ್ತು.

ನಮ್ಮದು ಸಾದಲಿ ಕಡೆಯ ಒಂದು ಹಳ್ಳಿ. ಅಣ್ಣ ದ್ರಾಕ್ಷಿ ಬೆಳೆಯುತ್ತಾನೆ. ನಮ್ಮ ತೋಟದ ಪೂರ್ವಕ್ಕೆ, ಬದುವಿನ ಆಚೆ, ಅಕ್ಕನ ಹಿಪ್ಪುನೇರಳೆ ತೋಟ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಆಕೆ ಪಕ್ಕದ ಮನೆಗೆ ಸೊಸೆಯಾಗಿ ಬಂದ ದಿನದಿಂದ ನಾನು ಹಾಗೆ ಕರೆದದ್ದು. ಗಂಡನಿಗೆ ಗೌರಿಬಿದನೂರಿನ ಕಡೆ ಮಿಲ್ಲಿನಲ್ಲಿ ಕೆಲಸ, ಯಾವಾಗಲೋ ಒಂದು ಭಾನುವಾರ ಬಂದು ಹೋಗುವ ಮನುಷ್ಯ. ಹೊಲ, ಮನೆ, ಮಾತು ಎಲ್ಲ ಮಾವನ ಕೈಯಲ್ಲಿ. ಅತ್ತೆ ಇರುವವರೆಗೆ ರೇಷ್ಮೆ ಹುಳು ಸಾಕುತ್ತಿದ್ದವರು ಅತ್ತೆ. ಅವರು ತೀರಿಕೊಂಡ ಮೇಲೆ ಹುಳುಮನೆ ಅಕ್ಕನ ಪಾಲಿಗೆ ಬಂತು. ಆ ಮನೆಯಲ್ಲಿ ಅಕ್ಕನ ಮಾತು ನಡೆಯುತ್ತಿದ್ದ ಜಾಗ ಅದೊಂದೇ. ಹುಳುಮನೆಯ ಬಾಗಿಲಲ್ಲಿ ಮಾವನೂ ಚಪ್ಪಲಿ ಬಿಟ್ಟು, "ಬರ್ಲೇನಮ್ಮ?" ಎಂದು ಕೇಳಿಯೇ ಒಳಗೆ ಕಾಲಿಡಬೇಕಿತ್ತು. ಕಣ್ಣಿನ ಆಪರೇಷನ್ ಆದ ಮೇಲಂತೂ ಅವರು ಆ ಕಡೆ ಹೋಗುವುದನ್ನೇ ಬಿಟ್ಟಿದ್ದರು.

ಆದರೆ ಅಕ್ಕನ ಕೈಯಲ್ಲಿ ಎರಡು ಬೆಳೆ ಸೊರಗಿದವು. ಅತ್ತೆಯ ಕೈಗುಣ ಸೊಸೆಗೆ ಬರಲಿಲ್ಲ ಎಂದು ಊರು ಮಾತಾಡಿತು. ಹಿಪ್ಪುನೇರಳೆ ಕಿತ್ತು ಎಲ್ಲರ ಹಾಗೆ ದ್ರಾಕ್ಷಿ ಹಾಕೋಣ ಎಂದು ಮಾವ ಹೇಳಿದರು. ಇದೊಂದು ಬೆಳೆ ನೋಡಿ ಮಾವ, ಆಮೇಲೆ ನಿಮ್ಮಿಷ್ಟ ಎಂದು ಅಕ್ಕ ಬೇಡಿಕೊಂಡಿದ್ದಳು. ಮಾವ ಒಪ್ಪಿದ್ದರು. ಇದು ನಮಗೆಲ್ಲ ಗೊತ್ತಿದ್ದ ವಿಷಯ.

ದ್ರಾಕ್ಷಿಗೂ ರೇಷ್ಮೆಗೂ ಎಣ್ಣೆ ಸೀಗೇಕಾಯಿ ಸಂಬಂಧ. ದ್ರಾಕ್ಷಿಗೆ ಹೊಡೆದ ಔಷಧಿ ಗಾಳಿಯಲ್ಲಿ ಹೋಗಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. ಅದಕ್ಕೇ ನಮ್ಮ ಕಡೆ ಒಂದು ಪದ್ಧತಿ. ಔಷಧಿ ಕಲೆಸುವ ಮೊದಲು ಬದುವಿನ ಮೇಲೆ ನಿಂತು ಕೂಗಿ ಕೇಳಬೇಕು.

"ಅಕ್ಕಾ, ಹುಳ ಎಷ್ಟನೇ ಜ್ವರದಾಗವೆ?"

"ಮೂರೆದ್ದವೆ ಕಣಪ್ಪ. ಎರಡು ದಿನ ತಡಿ, ಸೊಪ್ಪು ಕೊಯ್ದಿಟ್ಕೊಂತೀನಿ."

ಹುಳು ಮೇವು ಬಿಟ್ಟು, ಸುಮ್ಮನೆ ತಲೆಯೆತ್ತಿ ನಿಂತು, ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಎದ್ದ ಮೇಲೆ ಅವು ಹೊಟ್ಟೆಬಾಕರಂತೆ ಮೇದು ಗೂಡು ಕಟ್ಟುತ್ತವೆ. ಅಲ್ಲಿಯವರೆಗೆ ಅಣ್ಣ ತಡೆಯುತ್ತಿದ್ದ, ಇಲ್ಲವೇ ಗಾಳಿ ಪಶ್ಚಿಮಕ್ಕೆ ತಿರುಗುವುದನ್ನು ಕಾಯುತ್ತಿದ್ದ. ಬೈದುಕೊಂಡೇ ಕಾಯುತ್ತಿದ್ದ, ಆದರೆ ಕಾಯುತ್ತಿದ್ದ.

ನನಗೆ ಇದು ನಗು ತರಿಸುತ್ತಿತ್ತು. ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಬದುವಿನ ಮೇಲೆ ನಿಂತು ಕೂಗಾಡುವುದು ಯಾವ ಕಾಲದ ಪದ್ಧತಿ? ಅಕ್ಕ ಶಿಡ್ಲಘಟ್ಟಕ್ಕೆ ಹೋಗಿದ್ದರೆ, ಮೋಟಾರಿನ ಸದ್ದಿನಲ್ಲಿ ಕೇಳಿಸದೆ ಹೋದರೆ? ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ ನಾನು ಊರಿಗೆ ಒಂದು ನಕ್ಷೆ ಮಾಡಿದೆ. ಯಾರೂ ಕೇಳಿರಲಿಲ್ಲ. ದ್ರಾಕ್ಷಿ ತೋಟಗಳು ನೇರಳೆ ಬಣ್ಣದ ಪದರ, ಹಿಪ್ಪುನೇರಳೆ ಹಸಿರು, ಹುಳುಮನೆಗಳು ಹಳದಿ ಚುಕ್ಕಿ. ಚುಕ್ಕಿ ಮುಟ್ಟಿದರೆ ಹುಳು ಎಷ್ಟನೇ ಜ್ವರದಲ್ಲಿದೆ ಎಂದು ತೋರಿಸುತ್ತದೆ. ಊರಿನ ಹೆಂಗಸರು ಮೊಬೈಲಿನ ಗ್ರೂಪಿನಲ್ಲಿ ನನಗೆ ಸುದ್ದಿ ಕಳಿಸುತ್ತಿದ್ದರು, ನಾನು ಚುಕ್ಕಿಗೆ ಸೇರಿಸುತ್ತಿದ್ದೆ, ಹುಳು ಗೂಡು ಕಟ್ಟಿದ ಮೇಲೆ ಚುಕ್ಕಿ ತೆಗೆಯುತ್ತಿದ್ದೆ.

ಮೊದಲ ಸಲ ನೇರಳೆ ಪದರ ಹಸಿರಿನ ಮೇಲೆ ಕೂತು ಅಕ್ಕನ ತೋಟದ ಒಂದು ಅಂಚನ್ನು ನುಂಗಿಬಿಟ್ಟಿತ್ತು. ಅಕ್ಕನ ಮಾವ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಏನಮ್ಮ, ಕೂತ್ ಜಾಗದಿಂದ್ಲೇ ನಮ್ ಬದು ಒತ್ತುವರಿ ಮಾಡ್ಬಿಟ್ಯಲ್ಲ. ನಿಮ್ ತಾತ ಗುದ್ಲಿ ಹಿಡ್ಕೊಂಡೂ ಇಷ್ಟು ಒತ್ತಿರ್ಲಿಲ್ಲ" ಎಂದರು. ಜಗಲಿಯ ಮೇಲಿದ್ದವರೆಲ್ಲ ನಕ್ಕರು. ನಾನು ಹಸಿರನ್ನು ಮೇಲಕ್ಕೆ ತಂದೆ.

ಅಣ್ಣ ಮೊದಮೊದಲು ಒಪ್ಪಲಿಲ್ಲ. ಕೂಗಿದರೆ ಮುಗಿಯುವುದಕ್ಕೆ ಕನ್ನಡಕ ಯಾಕೆ ಹುಡುಕಬೇಕು ಎಂದು ಅವನ ವಾದ. ನಾನು ಬಿಡಲಿಲ್ಲ. ಊಟಕ್ಕೆ ಕೂತಾಗ, ಬಸ್ಸಿಗೆ ಬಿಡಲು ಬಂದಾಗ, ಅದನ್ನೇ ಹೇಳಿ ಹೇಳಿ ಅವನ ತಲೆ ತಿಂದೆ. ಕೊನೆಗೆ ಅವನು ನಕ್ಷೆ ನೋಡಿಯೇ ಔಷಧಿ ಕಲೆಸತೊಡಗಿದ. ಬದುವಿನ ಮೇಲೆ ನಿಂತು ಕೂಗುವುದನ್ನು ಬಿಟ್ಟ. ಅದನ್ನು ನಾನು ನನ್ನ ಗೆಲುವೆಂದುಕೊಂಡು ಆಫೀಸಿನಲ್ಲಿ ಹೇಳಿಕೊಂಡು ತಿರುಗಿದೆ.

ಅಕ್ಕನ ಆ ಬೆಳೆಯ ಹುಳು ನಾಲ್ಕನೇ ಜ್ವರ ಎದ್ದಿತ್ತು. ಬೆಳಿಗ್ಗೆ ನಾನು ಬಸ್ಸಿಗೆ ಕಾಯುತ್ತಿದ್ದಾಗ ಅಕ್ಕ ಸೊಪ್ಪಿನ ಹೊರೆ ಇಳಿಸಿ ನನ್ನ ಹತ್ತಿರ ಬಂದಳು.

"ನಿನ್ ಮ್ಯಾಪಲ್ಲಿ ನಮ್ ಹುಳದ ಮನೆ ಎಲ್ರಿಗೂ ಕಾಣ್ತದಂತಲ್ಲಮ್ಮ?"

"ಕಾಣ್ಲಿ ಅಂತಾನೇ ಅಲ್ವಾ ಅಕ್ಕ ಮಾಡಿರೋದು?"

"ಪೆರೇಸಂದ್ರದಿಂದ ನಮ್ ನಾದಿನಿ ಫೋನ್ ಮಾಡಿದ್ಳು. ನಾಲ್ಕನೇ ಜ್ವರ ಎದ್ದವಂತಲ್ಲ ಅತ್ಗೆ, ಈ ಸಲ ಜೋರು ಬೆಳೆ ಬಿಡು ಅಂತಾಳೆ. ಯಾರೇ ಹೇಳಿದ್ದು ಅಂದ್ರೆ ಮ್ಯಾಪಲ್ಲಿ ನೋಡ್ದೆ ಅಂದ್ಳು." ಅಕ್ಕ ದನಿ ತಗ್ಗಿಸಿದಳು. "ಮೇಯೋ ಹುಳನ ಊರಿಗೆಲ್ಲಾ ತೋರಿಸ್ಬಾರ್ದು ಕಣಮ್ಮ. ಒಂದು ವಾರ ಮರೆ ಮಾಡು. ಗೂಡು ಕಟ್ಲಿ, ಆಮೇಲೆ ಯಾರಾದ್ರೂ ನೋಡ್ಕೊಳ್ಲಿ."

ನಮ್ಮ ಕಡೆ ಹುಳುಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಹುಳು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಯಾರಾದರೂ ಕೇಳಿದರೆ "ಏನೋ ಅವೆ" ಅನ್ನುತ್ತಾರೆ. ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿರುತ್ತಾರೆ. ನನಗೆ ಕಣ್ಣಿನ ದೃಷ್ಟಿಯಲ್ಲಿ ನಂಬಿಕೆಯಿಲ್ಲ. ಆದರೂ ಅಕ್ಕನ ಮುಖ ನೋಡಿ, ಆಯಿತು ಎಂದೆ.

ಆಫೀಸಿಗೆ ಹೋಗಿ ಮೊದಲು ಮಾಡಿದ ಕೆಲಸ ಅದು. ನಕ್ಷೆಯ ಹಿಂದಿನ ಕೋಡಿನಲ್ಲಿ ಒಂದೇ ಒಂದು ಪದ ಬದಲಿಸಿದರೆ ಸಾಕಿತ್ತು. ಹಳದಿ ಚುಕ್ಕಿಗಳ ಪದರಕ್ಕೆ ಮೊದಲೇ ಬಿದ್ದಿರುತ್ತಿದ್ದ ಟಿಕ್ ಹೋಯಿತು. ಪದರ ಎಲ್ಲೂ ಹೋಗಿಲ್ಲ, ಬೇಕಾದವರು ಮೂಲೆಯ ಗುರುತು ಒತ್ತಿ ಟಿಕ್ ಹಾಕಿಕೊಳ್ಳಲಿ ಎಂದು ನನಗೆ ನಾನೇ ಹೇಳಿಕೊಂಡೆ. ಇದಕ್ಕಿಂತ ಒಳ್ಳೆಯ ದಾರಿಗಳು ನನಗೆ ಗೊತ್ತಿದ್ದವು. ಚುಕ್ಕಿ ಯಾರಿಗೂ ಕಾಣದಂತೆ ಇಟ್ಟು, ಸುತ್ತಲಿನ ದ್ರಾಕ್ಷಿ ತೋಟದ ಮೇಲೆ "ಈಗ ಹೊಡೆಯಬೇಡಿ" ಎಂಬ ಕೆಂಪು ಪಟ್ಟೆ ಬರುವಂತೆ ಮಾಡಬಹುದಿತ್ತು. ಅದಕ್ಕೆ ಅರ್ಧ ದಿನ ಕೂರಬೇಕಿತ್ತು. ಮಾಲೀಕರು ಬೇರೆ ಕೆಲಸ ಹೇಳಿದ್ದರು, ಕೆಳಗೆ ಪಫ್ಸ್ ಬಿಸಿಯಾಗಿತ್ತು. ಮರೆ ಮಾಡಿದೀನಿ ಅಕ್ಕ ಎಂದು ಮೆಸೇಜು ಕಳಿಸಿ ಕೆಳಗಿಳಿದು ಹೋದೆ. ಅಣ್ಣನಿಗೆ ಹೇಳಲಿಲ್ಲ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಹೇಳಬೇಕೆಂದು ಹೊಳೆಯಲೇ ಇಲ್ಲ. ಅಕ್ಕ ಮರೆ ಮಾಡು ಎಂದದ್ದು ನಾದಿನಿಯಂಥವರ ಕಣ್ಣಿಗೆ. ನಾನು ಮರೆ ಮಾಡಿದ್ದು ಆ ಚುಕ್ಕಿಯನ್ನು ನೋಡಲೇಬೇಕಾಗಿದ್ದ ಒಬ್ಬನ ಕಣ್ಣಿಗೆ.

ಎರಡು ದಿನ ಬಿಟ್ಟು ನಮ್ಮ ದ್ರಾಕ್ಷಿ ಚಿಗುರಿಗೆ ನುಸಿ ಬಿತ್ತು. ಅಣ್ಣ ಕನ್ನಡಕ ಹಾಕಿಕೊಂಡು ನಕ್ಷೆ ತೆರೆದ. ಪೂರ್ವದ ಕಡೆ ಹಳದಿ ಚುಕ್ಕಿ ಇರಲಿಲ್ಲ. ಅಕ್ಕನ ಹುಳು ಗೂಡು ಕಟ್ಟಿರಬೇಕು ಅಂದುಕೊಂಡ. ಗಾಳಿ ಆ ಕಡೆಗೇ ಬೀಸುತ್ತಿತ್ತು. ಔಷಧಿ ಹೊಡೆದ.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದವಳು ಅಕ್ಕನನ್ನು ನೋಡಿದೆ. ಹುಳುಮನೆಯ ಹಿಂದೆ ಗುಂಡಿ ತೆಗೆದು, ಸೊಪ್ಪಿನ ಸಮೇತ ಹುಳುಗಳನ್ನು ಬಾಚಿ ಬಾಚಿ ಸುರಿಯುತ್ತಿದ್ದಳು. ಹತ್ತಿರ ಹೋದೆ. ಬೆರಳಿನಷ್ಟು ದಪ್ಪವಿದ್ದ ಹುಳುಗಳು ಸುಕ್ಕಾಗಿ, ಬಾಯಿಂದ ಹಸಿರು ನೀರು ಕಾರಿಕೊಂಡು ಬಿದ್ದಿದ್ದವು. ಕೆಲವು ಇನ್ನೂ ತಲೆಯೆತ್ತಿ ತೂಗುತ್ತಿದ್ದವು. ಅಕ್ಕ ನಿಲ್ಲಲೇ ಇಲ್ಲ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಮಣ್ಣು ಎಳೆಯುತ್ತಿದ್ದಳು.

"ಏನಾಯ್ತಕ್ಕ?"

"ಕಣ್ಣು ಬಿತ್ತು ಕಣಮ್ಮ" ಎಂದಳು. ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದು ಅಣ್ಣನ ಮೊಬೈಲು ಇಸಿದುಕೊಂಡು ನಕ್ಷೆ ತೆರೆದೆ. ಮೂಲೆಯ ಗುರುತು ಒತ್ತಿ ಟಿಕ್ ಹಾಕಿದೆ. ಹಳದಿ ಚುಕ್ಕಿ ಬಂದು ಬದುವಿನ ಪಕ್ಕದಲ್ಲಿ ಕೂತಿತು. ಅಣ್ಣ ಅದನ್ನು ನೋಡಿದ.

"ಇಲ್ಲಿ ಒತ್ಬೇಕು ಅಂತ ನಂಗ್ಯಾರು ಹೇಳಿದ್ರು?"

ಅವನು ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, "ಕೂಗಿದ್ರೆ ಆಗೋಗಿರೋದು" ಎಂದಷ್ಟೇ ಹೇಳಿ ಎದ್ದು ಹೋದ. ಆ ದಿನ ಊಟಕ್ಕೆ ಕರೆದರೂ ಬರಲಿಲ್ಲ.

ಊರಿನ ಹೆಂಗಸರು ನನ್ನನ್ನು ಬೈದರು. ಆದರೆ ಬೈದದ್ದು ನಾನು ಮಾಡದ ತಪ್ಪಿಗೆ. ಇವಳ ಮ್ಯಾಪಿನಲ್ಲಿ ಊರೆಲ್ಲಾ ನೋಡಿ ನೋಡಿಯೇ ಕಣ್ಣು ಬಿದ್ದದ್ದು, ಮರೆ ಮಾಡುವ ಹೊತ್ತಿಗೆ ಆಗುವುದು ಆಗಿಹೋಗಿತ್ತು, ಹೀಗೆ. ತೋರಿಸಿದ್ದಕ್ಕೆ ಬೈಸಿಕೊಂಡೆ. ಮರೆಸಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಂಗಡಿಯಲ್ಲಿ ಯಾರಾದರೂ ಗಾಳಿ ಎಂದರೆ, ಔಷಧಿ ಎಂದರೆ, ನನ್ನ ಕೈ ತಾನಾಗಿ ಹೆಗಲಿಗೆ ಹೋಗುತ್ತಿತ್ತು. ನಾಚಿಕೆ ಒಂದು ಕಡೆ, ಅಣ್ಣನ ಹೆಸರು ಹೊರಗೆ ಬರುತ್ತದಲ್ಲ ಎಂಬ ಭಯ ಇನ್ನೊಂದು ಕಡೆ. ಹೀಗೇ ಒಂದಷ್ಟು ದಿನ ಬಾಯಿ ಹೊಲಿದುಕೊಂಡಿದ್ದೆ.

ಇನ್ನು ತಡೆದುಕೊಳ್ಳಲಾಗದಂತೆ ಮಾಡಿದ್ದು ಕೈಗುಣದ ಮಾತು. ಡೈರಿಯ ಹತ್ತಿರ ಹಾಲಿಗೆ ನಿಂತವರು, ಮೂರನೇ ಬೆಳೆಯೂ ಹೋಯಿತು, ಆ ಹೆಂಗಸಿನ ಕೈಗೆ ಹುಳು ಹತ್ತುವುದಿಲ್ಲ ಬಿಡು ಅನ್ನುತ್ತಿದ್ದರು. ಇನ್ನು ಮಾವ ತೋಟ ಕೀಳಿಸುತ್ತಾರೆ ಎಂದು ನನಗೆ ನಾನೇ ತೀರ್ಮಾನ ಮಾಡಿಕೊಂಡೆ. ಯಾರನ್ನೂ ಕೇಳಲಿಲ್ಲ. ತಪ್ಪು ಅಕ್ಕನದಲ್ಲ ಎಂದು ಗೊತ್ತಾದರೆ ತೋಟ ಉಳಿಯುತ್ತದೆ, ಅದನ್ನು ಹೇಳಬಲ್ಲವಳು ನಾನೊಬ್ಬಳೇ. ಅಣ್ಣ ತಾನೂ ಬರುತ್ತೇನೆ ಎಂದ. ನಾನು ಬೇಡವೆಂದೆ.

ಭಾನುವಾರ ಹೋದೆ. ಹಿತ್ತಲಲ್ಲಿ ಅಕ್ಕ ಹುಳುಮನೆಯ ಸ್ಟ್ಯಾಂಡುಗಳನ್ನು ಹೊರಗೆ ತಂದು ಬ್ಲೀಚಿಂಗ್ ಪುಡಿ ಹಾಕಿ ತೊಳೆಯುತ್ತಿದ್ದಳು. ಮುಂದಿನ ಬೆಳೆ ಇಲ್ಲದವರು ಸ್ಟ್ಯಾಂಡು ಯಾಕೆ ತೊಳೆಯುತ್ತಾರೆ ಎಂದು ಆಗ ನಾನು ಕೇಳಿಕೊಳ್ಳಬೇಕಿತ್ತು. ನನ್ನ ತಲೆಯ ತುಂಬ ನನ್ನ ಮಾತೇ ಇತ್ತು. ನೇರ ಜಗಲಿಗೆ ಹೋಗಿ ಮಾವನ ಮುಂದೆ ಕೂತೆ.

"ಮಾವ, ಅಕ್ಕನ ಕೈಗುಣದಲ್ಲಿ ಏನೂ ಇಲ್ಲ. ಕಣ್ಣೂ ಅಲ್ಲ. ನಮ್ಮಣ್ಣ ಔಷ್ದಿ ಹೊಡ್ದಿದ್ದು ಸೊಪ್ಪಿಗೆ ಬಂದಿತ್ತು. ಅವನದೂ ತಪ್ಪಿಲ್ಲ. ಮ್ಯಾಪಲ್ಲಿ ಹುಳದ ಮನೆ ಕಾಣ್ದಂಗೆ ಮಾಡಿದ್ದು ನಾನು. ಅವನಿಗೆ ಹೇಳ್ಲಿಲ್ಲ."

ಅಷ್ಟರಲ್ಲಿ ಅಕ್ಕ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ಮಾವನ ಬೆನ್ನ ಹಿಂದಿನಿಂದ ನನಗೆ ಬೇಡ ಬೇಡ ಎಂದು ತಲೆಯಾಡಿಸಿದಳು. ನೆರೆಮನೆಯ ಮೇಲೆ ಮಾತು ಬರಬಾರದೆಂದು ಹಾಗೆ ಮಾಡುತ್ತಿದ್ದಾಳೆ, ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ. ಇನ್ನಷ್ಟು ಗಟ್ಟಿಯಾಗಿ, ಗಾಳಿಯ ದಿಕ್ಕಿನ ಸಮೇತ, ಎಲ್ಲ ಹೇಳಿದೆ.

ಮಾವ ಸೊಸೆಯ ಕಡೆ ತಿರುಗಿದರು. "ಏಮ್ಮಾ, ನಿಜವಾ?"

ಅಕ್ಕ ಹಿತ್ತಲಿನ ಕಡೆ ತಿರುಗಿ ಹೋದಳು.

"ನಿಮ್ಮಣ್ಣನ ಮೇಲೆ ನಂಗೇನೂ ಕೋಪ ಇಲ್ಲಮ್ಮ" ಎಂದರು ಮಾವ. "ಅವನ ತೋಟ ಅವನು ನೋಡ್ಕೊಳ್ದೆ ಏನ್ ಮಾಡ್ತಾನೆ. ಈ ಸಲ ನಿಮ್ ಕಡೆಯಿಂದ ಬಂತು, ಮುಂದಿನ ಸಲ ಆ ಕಡೆಯಿಂದ ಬರ್ತದೆ. ಮೂರು ಕಡೆ ದ್ರಾಕ್ಷಿ ಆದ್ಮೇಲೆ ಮಧ್ಯದಾಗೆ ಹುಳ ಎಲ್ಲಿ ಬದುಕ್ತವೆ? ಕಣ್ಣು ಅಂದ್ಳು ಅಂತ ಅಲ್ವಾ ನಾನು ಇನ್ನೊಂದು ಬೆಳೆಗೆ ಒಪ್ಕೊಂಡಿದ್ದು. ದೃಷ್ಟಿ ತೆಗ್ಸಿ ನೋಡಣ ಅಂತಿದ್ದೆ."

ಆಗ ನನಗೆ ಅರ್ಥವಾಯಿತು. ಅರ್ಥವಾದ ಮೇಲೆ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಚುಕ್ಕಿಗಳನ್ನು ಇನ್ನು ಯಾವತ್ತೂ ಮರೆಸುವುದಿಲ್ಲ, ಸುತ್ತಲಿನ ಎಲ್ಲರ ಮೊಬೈಲಿಗೂ ಸುದ್ದಿ ಹೋಗುವಂತೆ ಮಾಡುತ್ತೇನೆ, ಮನೆಮನೆಗೂ ಹೋಗಿ ಎಲ್ಲಿ ಒತ್ತಬೇಕೆಂದು ನಾನೇ ತೋರಿಸುತ್ತೇನೆ ಎಂದೆ. ಮಾವ ನಕ್ಕರು. ಕೆಟ್ಟ ನಗುವಲ್ಲ, ಮಕ್ಕಳ ಮಾತಿಗೆ ನಗುವ ಹಾಗೆ ನಕ್ಕರು.

"ನಿನ್ ಮ್ಯಾಪು ಗಾಳಿನ ತಡೀತದಾ? ಪೋನೀಲೇಮ್ಮಾ, ಹೋಗ್ಲಿ ಬಿಡು. ನೀನು ನಿಜ ಹೇಳಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಇನ್ನೂ ಎಷ್ಟು ಬೆಳೆ ಕಳ್ಕೊಂತಿದ್ವೋ." ಟ್ರ್ಯಾಕ್ಟರಿಗೆ ಹೇಳಿಬಿಡುತ್ತೇನೆ ಎಂದು ಅವರು ಒಳಗೆ ಫೋನು ಹುಡುಕಲು ಎದ್ದರು.

ಆ ವಾರವೇ ತೋಟ ಹೋಯಿತು. ಬೇರು ಆಳಕ್ಕೆ ಇಳಿದಿದ್ದರಿಂದ ಟ್ರ್ಯಾಕ್ಟರು ಸಂಜೆಯವರೆಗೂ ಗುರುಗುಟ್ಟಿತು. ನಾನು ಆಫೀಸಿನಲ್ಲಿದ್ದೆ, ಅಣ್ಣ ಹೇಳಿದ್ದು. ಆಮೇಲೆ ನಕ್ಷೆಯನ್ನು ಸರಿ ಮಾಡಿದೆ, ಅರ್ಧ ದಿನ ಕೂತು. ಈಗ ಹುಳುಮನೆಗಳ ಚುಕ್ಕಿ ಯಾರಿಗೂ ಕಾಣುವುದಿಲ್ಲ, ಆದರೆ ಹುಳು ಮೇಯುವ ದಿನಗಳಲ್ಲಿ ಅದರ ಸುತ್ತಲಿನ ತೋಟಗಳ ಮೇಲೆ ಕೆಂಪು ಪಟ್ಟೆ ಬರುತ್ತದೆ. ಆ ಪದರದ ಟಿಕ್ ತೆಗೆಯಲು ಯಾರಿಂದಲೂ ಆಗುವುದಿಲ್ಲ, ನನ್ನಿಂದಲೂ. ಊರಿನ ಉಳಿದ ಹೆಂಗಸರು ಅದನ್ನು ಮೆಚ್ಚಿಕೊಂಡಿದ್ದಾರೆ. ಅವರು ಮೆಚ್ಚಿದಾಗಲೆಲ್ಲ ನನಗೆ ಆ ಭಾನುವಾರ ನೆನಪಾಗುತ್ತದೆ.

ಆವತ್ತು ಮಾವ ಒಳಗೆ ಹೋದ ಮೇಲೆ ನಾನು ಹಿತ್ತಲಿಗೆ ಹೋದೆ. ಅಕ್ಕ ಅರ್ಧ ತೊಳೆದ ಸ್ಟ್ಯಾಂಡುಗಳ ನಡುವೆ ಕಲ್ಲಿನ ಮೇಲೆ ಕೂತಿದ್ದಳು. ಕೈಯಲ್ಲಿ ಬ್ರಷ್ಷು ಹಾಗೆಯೇ ಇತ್ತು.

"ಅಕ್ಕ, ಔಷ್ದಿ ಅಂತ ನಿಂಗೆ ಗೊತ್ತಿತ್ತಾ?"

"ಆ ವಾಸ್ನೆ ಗೊತ್ತಾಗ್ದೆ ಇರ್ತದಾ? ಇಷ್ಟು ವರ್ಷ ಸೊಪ್ಪು ಕೊಯ್ದಿರೋಳಿಗೆ?"

"ಮತ್ತೆ ಕಣ್ಣು ಅಂತ ಯಾಕಂದೆ?"

"ಕಣ್ಣಾದ್ರೆ ತೆಗೀಬೋದು ಕಣಮ್ಮ. ನಿಮ್ ತೋಟನ ತೆಗ್ಯೋಕಾಗ್ತದಾ?"

ನಾನು ಅಳತೊಡಗಿದೆ. ತಪ್ಪಾಯಿತು ಅಕ್ಕ, ನಿನ್ನ ಒಳ್ಳೆಯದಕ್ಕೇ ಹೇಳಿದ್ದು ಎಂದೆ. ಅಕ್ಕ ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಬ್ರಷ್ಷನ್ನು ಬಕೆಟ್ಟಿಗೆ ಹಾಕಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಹೇಳಿ ಹಗುರ ಮಾಡ್ಕೊಂಡ್ಯಲ್ಲ. ಹೋಗಮ್ಮ, ಮನೆಗೋಗು."

ಅವಳು ಹೇಳಿದ್ದು ನಿಜ. ಮಾವನ ಮುಂದೆ ಕೂತು ಎಲ್ಲ ಹೇಳಿದಾಗ, ಅವರು ಬಾಯಿ ತೆರೆಯುವವರೆಗೆ, ನನಗೆ ತುಂಬ ಹಗುರವಾಗಿತ್ತು.